ದುಬಾರಿ ಇಂಟರ್‌ಕನೆಕ್ಟ್ ಕೇಬಲ್ಲುಗಳ ದನಿಯನ್ನು ಪರೀಕ್ಷಿಸುವ ಬಗೆ

ಸಿ.ಡಿ. ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಒಂದು ಮೀಟರ್ ಉದ್ದದ ಜೋಡಿ ಕೇಬಲ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದೇ ಕೆಲಸ ಮಾಡುವ ಬೆಳ್ಳಿ ತಂತಿಯ ಕೇಬಲ್ಲಿನ ಬೆಲೆ ಲಕ್ಷ ದಾಟುವುದೂ ಉಂಟು. ಎರಡರ ನಡುವೆ ಕಿವಿಗೆ ತಿಳಿಯುವ ವ್ಯತ್ಯಾಸವಿದೆಯೇ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದೆಂದೋ ಅಲ್ಲವೆಂದೋ ಹೇಳುವವರನ್ನು ನಾನು ನಂಬುವುದಿಲ್ಲ. ಕೇಬಲ್ಲಿನ ಎರಡು ತುದಿಗಳಲ್ಲಿ ಯಾವ ಉಪಕರಣಗಳಿವೆ ಎಂದು ಮೊದಲು ವಿಚಾರಿಸದೆ ಇದಕ್ಕೆ ಉತ್ತರ ಕೊಡಲಾಗುವುದಿಲ್ಲ.

ಸಿ.ಡಿ. ಪ್ಲೇಯರ್‌ನಿಂದ ಹೊರಬರುವ ಸಂಕೇತ ಸುಮಾರು 2 ವೋಲ್ಟ್ ಇರುತ್ತದೆ. ಅದರ ಔಟ್‌ಪುಟ್ ಇಂಪೀಡೆನ್ಸ್ (ಸಂಕೇತದ ಹರಿವಿಗೆ ಒಡ್ಡುವ ತಡೆ) ಸಾಮಾನ್ಯವಾಗಿ ಕೆಲವು ನೂರು ಓಮ್, ಆಂಪ್ಲಿಫೈಯರ್‌ನ ಇನ್‌ಪುಟ್ ಇಂಪೀಡೆನ್ಸ್ ಹತ್ತಾರು ಸಾವಿರ ಓಮ್. ಸಾಧಾರಣ ಕೇಬಲ್ಲಿನ ಕೆಪಾಸಿಟೆನ್ಸ್ (ವಿದ್ಯುದಾವೇಶವನ್ನು ಹಿಡಿದಿಡುವ ಗುಣ) ಮೀಟರ್‌ಗೆ 100 ಪಿಕೊಫ್ಯಾರಡ್‌ನಷ್ಟಿದ್ದರೆ, 200 ಓಮ್‌ನ ಮೂಲದೊಡನೆ ಅದು ಸಂಕೇತವನ್ನು ಕುಗ್ಗಿಸತೊಡಗುವುದು ಸುಮಾರು 8 ಮೆಗಾಹರ್ಟ್ಸ್‌ನಲ್ಲಿ. ನಮ್ಮ ಕಿವಿಯ ಮಿತಿಯಾದರೋ 20 ಕಿಲೋಹರ್ಟ್ಸ್. ಬೆಳ್ಳಿ ತಾಮ್ರಕ್ಕಿಂತ ಶೇ. 5–6ರಷ್ಟು ಉತ್ತಮ ವಾಹಕವೆಂಬುದು ನಿಜವಾದರೂ, ಹತ್ತು ಸಾವಿರ ಓಮ್‌ಗಳ ಎದುರು ತಂತಿಯ ಓಮ್‌ಗಿಂತಲೂ ಕಡಿಮೆಯ ರೋಧ ಲೆಕ್ಕಕ್ಕೇ ಬರುವುದಿಲ್ಲ. ಈ ಜೋಡಣೆಯಲ್ಲಿ ದೋಷವಿಲ್ಲದ ಎರಡು ಕೇಬಲ್ಲುಗಳನ್ನು ಕೇಳಿ ಬೇರ್ಪಡಿಸಬಲ್ಲೆನೆಂದು ಯಾರಾದರೂ ಹೇಳಿದರೆ, ಪುರಾವೆ ಕೇಳುವುದು ಅವಿನಯವಲ್ಲ.

ಗ್ರಾಮಫೋನ್ ತಟ್ಟೆಗಳನ್ನು ನುಡಿಸುವವರ ಸಂಗತಿಯೇ ಬೇರೆ. ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನೊಳಗಿನ ಸುರುಳಿಗೆ ಇಂಡಕ್ಟೆನ್ಸ್ (ವಿದ್ಯುತ್ತಿನ ಏರಿಳಿತವನ್ನು ತಡೆಯುವ ಗುಣ) ಬಹಳ. ಆಡಿಯೊ-ಟೆಕ್ನಿಕಾದ ವಿಎಂ95ಇ ಎಂಬ ಜನಪ್ರಿಯ ಕಾರ್ಟ್ರಿಜ್‌ನಲ್ಲಿ ಅದು 550 ಮಿಲಿಹೆನ್ರಿ. ತಯಾರಕರು ಸೂಚಿಸುವ ಕೆಪಾಸಿಟೆನ್ಸ್ 100ರಿಂದ 200 ಪಿಕೊಫ್ಯಾರಡ್. ಈ ಮಿತಿಯೊಳಗೆ ಕಾರ್ಟ್ರಿಜ್ ಹೊತ್ತ ತೋಳಾದ ಟೋನ್‌ಆರ್ಮ್‌ನೊಳಗಿನ ತಂತಿ, ಕೇಬಲ್ ಮತ್ತು ಆಂಪ್ಲಿಫೈಯರ್‌ನ ಫೋನೊ ಇನ್‌ಪುಟ್ ಮೂರೂ ಸೇರಬೇಕು. ಒಟ್ಟು 150 ಆದಾಗ ಅನುರಣನ, ಅಂದರೆ ಸುರುಳಿಯೂ ಕೆಪಾಸಿಟೆನ್ಸೂ ಕೂಡಿ ಮಿಡಿಯುವ ಆವರ್ತನ, 17.5 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಉದ್ದನೆಯ, ಹೆಚ್ಚು ಕೆಪಾಸಿಟೆನ್ಸ್‌ನ ಕೇಬಲ್ ಹಾಕಿ ಒಟ್ಟು 400ಕ್ಕೆ ಏರಿಸಿದರೆ ಅದು ಸುಮಾರು 10.7 ಕಿಲೋಹರ್ಟ್ಸ್‌ಗೆ ಇಳಿದು, ಫೋನೊ ಇನ್‌ಪುಟ್ ಒಡ್ಡುವ 47 ಸಾವಿರ ಓಮ್‌ನ ವಾಡಿಕೆಯ ಲೋಡ್‌ನಲ್ಲಿ ಅಲ್ಲೊಂದು ಉಬ್ಬನ್ನೂ ಅದರಾಚೆಗೆ ಕಡಿದಾದ ಇಳಿತವನ್ನೂ ಉಂಟುಮಾಡುತ್ತದೆ. ಹಾಡುವವರ ಸಕಾರ ಶಕಾರಗಳು ಚುಚ್ಚತೊಡಗುತ್ತವೆ, ತಂಬೂರಿಯ ಝೇಂಕಾರದ ಮೇಲಿನ ಪದರ ಒರಟಾಗುತ್ತದೆ, ಇಷ್ಟಾದರೂ ಅತಿ ಎತ್ತರದ ಹರಹು ಮಂಕಾಗಿಯೇ ಇರುತ್ತದೆ. ಇಲ್ಲಿ ಕೇಬಲ್ ಬದಲಿಸಿದೊಡನೆ ದನಿ ಬದಲಾಯಿತೆನ್ನುವವರು ಭ್ರಮೆಗೊಳಗಾದವರಲ್ಲ. ಆದರೆ ಆ ಬದಲಾವಣೆಗೂ ಕೇಬಲ್ಲಿನ ಬೆಲೆಗೂ ಸಂಬಂಧವಿಲ್ಲ, ಕಡಿಮೆ ಕೆಪಾಸಿಟೆನ್ಸ್‌ನ ಅಗ್ಗದ ಕೇಬಲ್ಲೇ ಗೆಲ್ಲಬಹುದು.

ಇನ್ನು ಗುಂಯ್‌ಗುಡುವ ಸದ್ದು. ಮನೆಯ ಉಪಕರಣಗಳಲ್ಲಿ ಬಳಸುವ ಸಾಮಾನ್ಯ ಆರ್‌ಸಿಎ ಪ್ಲಗ್ಗಿನ ಕೇಬಲ್ಲಿನಲ್ಲಿ, ಒಳತಂತಿಯನ್ನು ಸುತ್ತುವ ಲೋಹದ ಹೊರಹೆಣಿಗೆಯೇ ಸಂಕೇತದ ಮರಳುದಾರಿಯೂ ಆಗಿರುವುದರಿಂದ, ಎರಡು ಉಪಕರಣಗಳ ಅರ್ತಿಂಗ್ ನಡುವೆ ಹರಿಯುವ ವಿದ್ಯುತ್ತು ಆ ಹೆಣಿಗೆಯ ರೋಧದಲ್ಲಿ 50 ಹರ್ಟ್ಸ್ ಮತ್ತು ಅದರ ಗುಣಕಗಳ ಸದ್ದನ್ನು ಹುಟ್ಟಿಸುತ್ತದೆ. ಹೆಣಿಗೆ ದಪ್ಪವಾಗಿರುವ ಕೇಬಲ್ ಇದನ್ನು ನಿಜವಾಗಿಯೂ ತಗ್ಗಿಸುತ್ತದೆ, ಸಂಕೇತಕ್ಕೆ ಎರಡು ಒಳತಂತಿಗಳಿದ್ದು ಹೊರಹೆಣಿಗೆ ಬರಿಯ ಕವಚವಾಗಿರುವ ಸಮತೋಲಿತ ಎಕ್ಸ್‌ಎಲ್‌ಆರ್ ಜೋಡಣೆಯಂತೂ ಇನ್ನೂ ಮೇಲು. (ಕೇಬಲ್ಲಿನ ಮೇಲಿನ ಬಾಣದ ಗುರುತನ್ನು ಕಂಡು ನಗುವವರಿಗೆ ಒಂದು ಮಾತು: ಮರಳುದಾರಿಗೆ ಬೇರೆ ತಂತಿಯಿರುವ ಕೆಲವು ಕೇಬಲ್ಲುಗಳಲ್ಲಿ ಹೊರಹೆಣಿಗೆಯನ್ನು ಮೂಲದ ತುದಿಗೆ ಮಾತ್ರ ಬೆಸೆದಿರುತ್ತಾರೆ, ಅಂಥಲ್ಲಿ ಬಾಣಕ್ಕೆ ಅರ್ಥವಿದೆ.)

ಅಂಗಡಿಯ ಪ್ರದರ್ಶನದಲ್ಲಿ ಈ ಯಾವುದೂ ತಿಳಿಯುವುದಿಲ್ಲ. ಮಾರುವವರು ಆಂಪ್ಲಿಫೈಯರ್ ಆರಿಸಿ, ಹಿಂಬದಿಗೆ ಬಗ್ಗಿ ಕೇಬಲ್ ಬದಲಿಸಿ, ಮತ್ತೆ ವಾಲ್ಯೂಮನ್ನು ಅಂದಾಜಿನಲ್ಲಿ ತಿರುಗಿಸುವ ಹೊತ್ತಿಗೆ ಹಿಂದಿನ ದನಿಯ ಸೂಕ್ಷ್ಮಗಳು ನೆನಪಿನಿಂದ ಜಾರಿರುತ್ತವೆ. ಅರ್ಧ ಡೆಸಿಬೆಲ್ ಹೆಚ್ಚಾದರೂ ಅದು ನಮಗೆ ಜೋರಾಗಿ ಕೇಳದೆ ಸ್ಪಷ್ಟವಾದಂತೆ ಕೇಳುತ್ತದೆ. ಇನ್ನೊಂದು ಮೋಸವೂ ಇದೆ. ಮಂಗಳೂರು, ಕಾರವಾರಗಳಂಥ ಕರಾವಳಿಯ ಊರುಗಳಲ್ಲಿ ಸಾಕೆಟ್ಟಿನ ಮೇಲೆ ಬೇಗನೆ ಕಿಲುಬು ಕಟ್ಟುತ್ತದೆ. ಪ್ಲಗ್ಗನ್ನು ಎಳೆದು ಮತ್ತೆ ತುರುಕುವಾಗ ಅದು ಉಜ್ಜಿಹೋಗಿ ಸಂಪರ್ಕ ಸುಧಾರಿಸುತ್ತದೆ, ಅದರ ಕೀರ್ತಿ ಹೊಸ ಕೇಬಲ್ಲಿಗೆ ಸಲ್ಲುತ್ತದೆ. ಆದ್ದರಿಂದ ಹೋಲಿಕೆಗೆ ಮುನ್ನ ಹಳೆಯ ಕೇಬಲ್ಲನ್ನೇ ಒಮ್ಮೆ ಕಿತ್ತು, ಒರೆಸಿ, ಮರಳಿ ಹಾಕಿ ಕೇಳಬೇಕು.

ಆಮೇಲೆ 1 ಕಿಲೋಹರ್ಟ್ಸ್‌ನ ಸ್ವರವನ್ನು ನುಡಿಸಿ, ಸ್ಪೀಕರ್ ತುದಿಗಳಲ್ಲಿ ಮೀಟರ್ ಹಿಡಿದು ಮಟ್ಟವನ್ನು 0.1 ಡೆಸಿಬೆಲ್‌ನೊಳಗೆ ಸರಿಹೊಂದಿಸಿ, ಯಾವ ಕೇಬಲ್ ಇದೆಯೆಂಬುದು ಕೇಳುವವರಿಗೂ ಅವರೆದುರು ಇರುವವರಿಗೂ ತಿಳಿಯದಂತೆ ಪರೀಕ್ಷೆ ನಡೆಸಬೇಕು. ಬರಿದೇ ಊಹಿಸುವವರೂ 16 ಸಲದಲ್ಲಿ 12 ಅಥವಾ ಹೆಚ್ಚು ಸಲ ಸರಿ ಹೇಳುವ ಸಂಭವ ಶೇ. 3.8ರಷ್ಟಿದೆ, ಅಷ್ಟು ಅಂಕ ಬಂದರೆ ಮಾತ್ರ ನಾನು ಮುಂದಿನ ಮಾತಿಗೆ ಕಿವಿಗೊಡುತ್ತೇನೆ. ಕಣ್ಣಿನ ಪ್ರಭಾವ ಸಣ್ಣದಲ್ಲ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪೀಕರ್‌ಗಳು ಕಣ್ಣಿಗೆ ಕಾಣುವಾಗ ಕೇಳುಗರು ಕೊಟ್ಟ ಅಂಕಗಳು ಪರದೆಯ ಹಿಂದಿನಿಂದ ಕೇಳಿದಾಗ ಗಣನೀಯವಾಗಿ ಬದಲಾದವು. ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ಕೇಬಲ್ಲುಗಳದ್ದಕ್ಕಿಂತ ಎಷ್ಟೋ ದೊಡ್ಡದು; ಅಲ್ಲಿಯೇ ಹಾಗಾದರೆ ಇಲ್ಲಿಯ ಪಾಡೇನು?

ನಾನು ಕೇಬಲ್ ಕೊಳ್ಳುವಾಗ ಬಿಗಿಯಾಗಿ ಕೂರುವ ಪ್ಲಗ್ಗು, ಒತ್ತಾದ ಹೊರಹೆಣಿಗೆ, ಅಗತ್ಯಕ್ಕಿಂತ ಹೆಚ್ಚಿಲ್ಲದ ಉದ್ದ ಇವನ್ನು ನೋಡುತ್ತೇನೆ. ಟರ್ನ್‌ಟೇಬಲ್ಲಿಗಾದರೆ ಮೀಟರ್‌ಗೆ ಎಷ್ಟು ಪಿಕೊಫ್ಯಾರಡ್ ಎಂದು ವಿಚಾರಿಸುತ್ತೇನೆ. ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಕೇಬಲ್ಲಿನ ವಿವರಪತ್ರದಲ್ಲಿ ಆ ಒಂದು ಸಂಖ್ಯೆ ಇರದಿದ್ದರೆ ಪೆಟ್ಟಿಗೆ ಮುಚ್ಚಿ ಹಿಂದಿರುಗಿಸುತ್ತೇನೆ.