ನಮ್ಮ ಮುತ್ತು, ಅಮ್ಮನ ಶನಿ

ನಮ್ಮ ಬೆಕ್ಕಿಗೆ ಕಿವಿ ಕೇಳ್ಸಲ್ಲ ಅಂತ ನನ್ನ ಮಗಳು ಒಂದು ಶುಕ್ರವಾರ ರಾತ್ರಿ ಊಟದ ಹೊತ್ತಲ್ಲಿ ಡಿಕ್ಲೇರ್ ಮಾಡಿದ್ಲು. ಮೊಬೈಲಲ್ಲಿ ಏನೋ ಓದಿದಾಳೆ, ಬಿಳಿ ಬೆಕ್ಕಿಗೆ ನೀಲಿ ಕಣ್ಣಿದ್ರೆ ಕಿವುಡು ಬರೋ ಚಾನ್ಸ್ ಜಾಸ್ತಿ ಅಂತ. ನಾನು ಸುಮ್ನಿರೇ ಅಂದೆ, ಆಮೇಲೆ ರಾತ್ರಿ ಮಲ್ಗೋಕೆ ಮುಂಚೆ ನಾನೂ ಹುಡುಕಿ ನೋಡಿದ್ರೆ ಅದು ನಿಜವೇ, ಡಾರ್ವಿನ್ 1859ರಲ್ಲೇ ಇದನ್ನ ಬರೆದಿಟ್ಟಿದಾನೆ. ನಮ್ಮ ಮುತ್ತು ಪೂರ್ತಿ ಬಿಳಿ, ಒಂದು ಕಣ್ಣು ನೀಲಿ ಇನ್ನೊಂದು ಹಳದಿ, ಎರಡು ವರ್ಷದಿಂದ ಆ ಕಣ್ಣು ನೋಡಿ ನೋಡಿ ಎಲ್ರೂ ಹೊಗಳಿದ್ದೇ ಹೊಗಳಿದ್ದು, ಅದರ ಹಿಂದೆ ಇಂಥದ್ದೊಂದು ಇರಬಹುದು ಅಂತ ಯಾರಿಗೂ ಹೊಳೆದಿರ್ಲಿಲ್ಲ.

ಇನ್ನೊಂದು ವಿಷಯ, ಮುತ್ತೂ ಅಂತ ಕರೆದ್ರೆ ಅವನು ತಿರುಗಿ ನೋಡಲ್ಲ. ಅದು ನಮ್ಮನೇಲಿ ಹಳೇ ಜೋಕು. ಬೆಕ್ಕು ಅಂದ್ಮೇಲೆ ಅಹಂಕಾರ ಇರುತ್ತೆ ಬಿಡಿ ಅಂತ ನಾವೇ ಸಮಾಧಾನ ಮಾಡ್ಕೊಂಡಿದ್ವಿ. ಆ ರಾತ್ರಿ ಮಾತ್ರ ನಗು ಬರ್ಲಿಲ್ಲ. ಮಾರನೇ ದಿನ ಸಂಜೆ ಹೇಗೂ ವ್ಯಾಕ್ಸಿನ್‌ಗೆ ಡಾಕ್ಟ್ರ ಹತ್ರ ಹೋಗೋದಿತ್ತು, ಆಗ ಕೇಳೋಣ ಅಂದ್ಕೊಂಡ್ವಿ. ಮಗಳಿಗೆ ಸಂಜೆ ತನಕ ತಾಳ್ಮೆ ಎಲ್ಲಿ. ಶನಿವಾರ ಅರ್ಧ ದಿನ ಸ್ಕೂಲು, ಬ್ಯಾಗ್ ಬಿಸಾಕಿ ಬಂದವಳೇ ಅಮ್ಮಾ ಎಕ್ಸ್‌ಪೆರಿಮೆಂಟ್ ಮಾಡೋಣ ಬಾ ಅಂದ್ಲು.

ಅವಳು ಹಿಡ್ಕೊಂಡು ಬಂದಿದ್ದು ಜಪಾನಿನ ಸಂಶೋಧನೆ. ಅಟ್ಸುಕೊ ಸೈಟೊ ಅನ್ನೋರು ಮಾಡಿದ್ದು, 2019ರಲ್ಲಿ ಬಂತು, 78 ಬೆಕ್ಕು. ಬೆಕ್ಕಿಗೆ ತನ್ನ ಹೆಸರು ಗೊತ್ತಾ ಅಂತ ನೋಡೋಕೆ ಅವರು ಬೆಕ್ಕನ್ನ ಸುಮ್ನೆ ಕರೆದು ಬರುತ್ತಾ ಅಂತ ಕಾಯ್ಲಿಲ್ಲ. ಹೆಸರಿನಷ್ಟೇ ಉದ್ದ ಇರೋ, ಅದೇ ಥರ ಕೇಳ್ಸೋ ನಾಲ್ಕು ಬೇರೆ ಪದಗಳನ್ನ ಒಂದಾದ ಮೇಲೊಂದು ಕೇಳ್ಸಿದ್ರು. ಮೊದಲ್ನೇದಕ್ಕೆ ಬೆಕ್ಕು ಕಿವಿ ಅಲ್ಲಾಡ್ಸುತ್ತೆ, ಎರಡನೇದಕ್ಕೆ ಸ್ವಲ್ಪ ಕಮ್ಮಿ, ಹಾಗೇ ಬರ್ತಾ ಬರ್ತಾ ಬೋರಾಗಿ ಬಿಟ್ಬಿಡುತ್ತೆ, ಆಗ ಐದನೇದಾಗಿ ಅದರ ಹೆಸರು ಹೇಳಿದ್ರೆ ಕಿವಿ ಮತ್ತೆ ಎದ್ದೇಳುತ್ತೆ. ಎದ್ರೆ ಗೊತ್ತು ಅಂತ ಅರ್ಥ. ನಾವು ಇಷ್ಟು ದಿನ ನೋಡ್ತಿದ್ದಿದ್ದು ತಪ್ಪು ಜಾಗ, ನಾಯಿ ಥರ ಬಾಲ ಆಡ್ಸ್ಕೊಂಡು ಓಡಿ ಬರ್ಲಿ ಅಂತ ಕಾಯ್ತಿದ್ವಿ, ನೋಡ್ಬೇಕಾಗಿದ್ದು ಕಿವೀನ.

ಸರಿ, ಮುತ್ತು ಸೋಫಾದ ತಲೆ ಮೇಲೆ ಮುಂದಿನ ಎರಡೂ ಕಾಲು ಮಡಚಿ ಕೂತಿದಾನೆ, ನಾನು ನೆಲದಲ್ಲಿ ಕೂತ್ಕೊಂಡು ಮೊಬೈಲ್‌ನ ಅವನ ಕಿವಿಗೆ ಫೋಕಸ್ ಮಾಡಿದೀನಿ, ಮಗಳು ಅವನಿಗೆ ಕಾಣದ ಹಾಗೆ ಪರದೆ ಹಿಂದೆ. ಕಲ್ಲು, ಹಣ್ಣು, ಸೊಪ್ಪು, ಕಪ್ಪು, ಆಮೇಲೆ ಮುತ್ತು, ಹೀಗೆ ಲಿಸ್ಟು. ಕಲ್ಲು ಅಂದ್ಲು, ಬಲಗಿವಿ ಹಿಂದಕ್ಕೆ ತಿರುಗ್ತು. ಹಣ್ಣು ಅಂದ್ಲು, ಒಂದ್ಚೂರು. ಸೊಪ್ಪು ಅಂದಿದ್ದೇ ತಡ ಎದ್ದು ಮೈ ಮುರಿದು ಸೀದಾ ಬಾಗಿಲ ಹತ್ರ ಹೋಗಿ ನಿಂತ್ಕೊಂಡ. ನಮಗೆ ಮೊದಲು ಅರ್ಥ ಆಗ್ಲಿಲ್ಲ. ಆಮೇಲೆ ಹೊಳೀತು, ದಿನಾ ಬೆಳಿಗ್ಗೆ ಏಳೂವರೆಗೆ ಸೊಪ್ಪಿನಮ್ಮ ರೋಡ್ ತುದೀಲಿ ದಂಟಿನ್ ಸೊಪ್ಪೂ ಅಂತ ಕೂಗಿದಾಗ ಅಮ್ಮ ಬಾಗಿಲು ತೆಗೀತಾಳೆ, ಇವನು ಕಾಲಿನ ಸಂದಿಯಿಂದ ಹೊರಗೆ ನುಗ್ತಾನೆ. ಅವನ ಡಿಕ್ಷನರೀಲಿ ಸೊಪ್ಪು ಅಂದ್ರೆ ಗೇಟು. ಮಗಳು ಆ ಪದ ಕ್ಯಾನ್ಸಲ್ ಅಂದು ಅದರ ಬದಲು ಹಲ್ಲು ಅಂತ ಬರ್ಕೊಂಡ್ಲು.

ಇನ್ನೊಂದ್ಸಲ ಶುರು ಮಾಡಿದ್ವಿ. ನಾಲ್ಕು ಪದ ಆಯ್ತು, ಅವನು ಕಣ್ಣು ಅರ್ಧ ಮುಚ್ಕೊಂಡಿದಾನೆ, ಮಗಳು ಉಸಿರು ಹಿಡ್ಕೊಂಡು ಮುತ್ತು ಅಂದ್ಲು. ಎಡಗಿವಿ ತುದಿ ಒಂದು ಸಲ ಪಟಕ್ ಅಂತು. ನಾವಿಬ್ರೂ ಹೋ ಅಂದ್ವಿ. ಪೇಪರ್ ಓದ್ತಾ ಕೂತಿದ್ದ ಇವರು ತಲೆ ಎತ್ತದೇನೇ ನೊಣ ಕೂತಿತ್ತು ಅಂದ್ರು. ವಿಡಿಯೋ ಹಾಕ್ಕೊಂಡು ನೋಡಿದ್ರೆ ನಿಜವಾಗ್ಲೂ ನೊಣ. ನನಗೆ ಆ ಕ್ಷಣಕ್ಕೆ ಹೊಟ್ಟೆ ಒಂಥರಾ ಆಯ್ತು, ಪಾಪ ಇಷ್ಟು ದಿನ ಏನೂ ಕೇಳ್ದೇನೇ ಇದೆಯೇನೋ, ನಾವು ಅಹಂಕಾರ ಅಂತ ಬೈದ್ವಲ್ಲ ಅಂತ. ಸೊಪ್ಪು ಅಂದಾಗ ಎದ್ದಿದ್ದು ಕೇಳ್ಸಿದ್ದಕ್ಕೇ ಅಲ್ವಾ ಅನ್ನೋ ಲಾಜಿಕ್ಕು ಆಗ ತಲೆಗೆ ಬರ್ಲೇ ಇಲ್ಲ ನೋಡಿ, ಗಾಬರಿಯಾದಾಗ ಬುದ್ಧಿ ಹೀಗೇ.

ಅಷ್ಟರಲ್ಲಿ ಅಡಿಗೆಮನೆಯಿಂದ ಅಮ್ಮನ ಗಂಟಲು. "ಈ ಶನಿ ಮುಂಡೇದು ಹಾಲಿನ್ ಮುಚ್ಚಳ ತೆಗೆದಿಟ್ಟಿದೆ ನೋಡು!"

ಮುತ್ತುವಿನ ಎರಡೂ ಕಿವಿ ಅಡಿಗೆಮನೆ ಕಡೆಗೆ ಟಪ್ ಅಂತ ತಿರುಗ್ತು. ಆಮೇಲೆ ತಲೆ. ಆಮೇಲೆ ಸೋಫಾದಿಂದ ಧೊಪ್ ಅಂತ ಇಳಿದು, ಓಡೂ ಇಲ್ಲ ನಡೆಯೂ ಇಲ್ಲ ಅನ್ನೋ ಹಾಗೆ ಚಕಚಕ ಹೋಗಿ ಅಮ್ಮನ ಕಾಲ ಹತ್ರ ಕೂತ. ಮುಖದಲ್ಲಿ ತಪ್ಪು ಮಾಡಿದವನ ಕಳೆ ಒಂಚೂರೂ ಇಲ್ಲ, ಕರೆದ್ರಾ ಅನ್ನೋ ಥರ.

ಅಮ್ಮನ ಬಗ್ಗೆ ಇಲ್ಲಿ ಸ್ವಲ್ಪ ಹೇಳ್ಬೇಕು. ಅಮ್ಮ ಹಾಸನದ ಕಡೆಯವಳು, ಅಪ್ಪ ಹೋದ ಮೇಲೆ ಮೈಸೂರಲ್ಲಿ ನಮ್ಮ ಜೊತೇಲೇ ಇದಾಳೆ. ಅವಳ ಬಾಯಲ್ಲಿ ಬೆಕ್ಕು ಅನ್ನೋ ಪದ ಬರಲ್ಲ, ಕೊತ್ತಿ. ಮುತ್ತು ಪಕ್ಕದ ಮನೆಯವ್ರ ಕಾರಿನ ಬಾನೆಟ್ ಒಳಗಿಂದ ಮಳೇಲಿ ಕಿರುಚ್ತಾ ಸಿಕ್ಕಿದ ದಿನ ಮನೆ ಒಳಗೆ ಕೊತ್ತಿ ಬೇಡವೇ ಬೇಡ ಅಂದಿದ್ದು ಅವಳೇ, ಈಗ ಅವಳ ಹಳೇ ಸೀರೆ ಮೇಲೆ ಬಿಟ್ಟು ಬೇರೆಲ್ಲೂ ಅವನು ಮಲಗಲ್ಲ. ಅಮ್ಮನಿಗೆ ಅಳಿಯನನ್ನ ಬೈಯೋಕಾಗಲ್ಲ, ಮೊಮ್ಮಗಳನ್ನ ಬೈದ್ರೆ ಅವಳು ತಿರುಗಿ ಮಾತಾಡ್ತಾಳೆ, ನನ್ನ ಬೈದ್ರೆ ನಾನು ಮುಖ ಊದಿಸ್ಕೊತೀನಿ. ಹಾಗಾಗಿ ಮನೇಲಿ ಯಾರು ಏನು ಮಾಡಿದ್ರೂ ಬೈಗುಳ ಬೀಳೋದು ಕೊತ್ತಿಗೆ. ಗೀಸರ್ ಆಫ್ ಮಾಡಿಲ್ವಾ, ಶನಿ. ಒದ್ದೆ ಟವೆಲ್ ಮಂಚದ ಮೇಲಿದ್ಯಾ, ಶನಿ ಮುಂಡೇದು. ಅವತ್ತು ಹಾಲಿನ ಮುಚ್ಚಳ ತೆಗೆದಿಟ್ಟಿದ್ದೂ ಇವರೇ, ಎರಡನೇ ಕಾಫಿಗೆ. ಪೇಪರ್ ಇನ್ನೂ ಸ್ವಲ್ಪ ಮೇಲಕ್ಕೆ ಎತ್ಕೊಂಡಿದ್ದು ನಾನು ನೋಡಿದೆ.

ಲೆಕ್ಕ ಹಾಕಿದ್ರೆ ದಿನಕ್ಕೆ ಏನಿಲ್ಲಾಂದ್ರೂ ಇಪ್ಪತ್ತು ಸಲ ಆ ಪದ ಅವನ ಕಿವಿಗೆ ಬೀಳುತ್ತೆ. ಬರೀ ಬಿದ್ರೆ ಸಾಲ್ದು, ಆಮೇಲೆ ಏನಾಗುತ್ತೆ ಅನ್ನೋದೇ ಮುಖ್ಯ ಅಂತ ನನಗೆ ಅನ್ಸೋದು. ಅಮ್ಮ ಬೈದ ಎರಡು ನಿಮಿಷಕ್ಕೆ ಅಯ್ಯೋ ಮೂಕಪ್ರಾಣಿ ಅಂತ ಕರಗಿ ಬೆರಳ ತುದೀಲಿ ಒಂಚೂರು ಮೊಸರೋ ದೋಸೆ ಚೂರೋ ಹಾಕ್ತಾಳೆ. ಶನಿ ಅಂದ್ರೆ ಮೊಸರು ಬರುತ್ತೆ. ಅದೇ ಮುತ್ತು ಅಂದ್ರೆ? ಮಗಳು ಮುತ್ತೂ ಅಂತ ರಾಗ ಎಳೆದು ಅವನಿಗೆ ಗೊಂಬೆ ಫ್ರಾಕ್ ತೊಡಿಸ್ತಾಳೆ, ನಾನು ಮುತ್ತೂ ಅಂತ ಕರೆದು ಉಗುರು ಕತ್ತರಿಸ್ತೀನಿ. ಅವನ ಜಾಗದಲ್ಲಿ ನಾನಿದ್ರೂ ಕಿವುಡು ನಾಟಕ ಆಡ್ತಿದ್ದೆ. ತೆನಾಲಿ ರಾಮನ ಬೆಕ್ಕು ಬಿಸಿ ಹಾಲಿಗೆ ಮೂತಿ ಸುಟ್ಕೊಂಡು ಆಮೇಲೆ ಹಾಲಿನ ಬಟ್ಟಲು ಕಂಡ್ರೇನೇ ಓಡ್ತಿತ್ತಲ್ಲ, ಹಾಗೆ.

ಮಗಳು ಕುಣಿದಾಡಿಬಿಟ್ಲು, ಕಿವಿ ಕೇಳ್ಸುತ್ತೆ ಕಿವಿ ಕೇಳ್ಸುತ್ತೆ ಅಂತ. ತಕ್ಷಣ ಇನ್ನೊಂದು ಡೌಟು ತೆಗೆದ್ಲು, ಅವನು ತಿರುಗಿದ್ದು ಪದಕ್ಕಾ ಅಜ್ಜಿ ಧ್ವನಿಗಾ? ಅದೂ ಸರಿಯಾದ ಪ್ರಶ್ನೇನೇ. ಯಾಕಂದ್ರೆ ಅದೇ ಸೈಟೊ 2013ರಲ್ಲಿ 20 ಬೆಕ್ಕುಗಳಿಗೆ ಬೇರೆಯವ್ರು ಹೆಸರು ಕರೆದಿದ್ದನ್ನೂ ಸಾಕಿದವ್ರು ಕರೆದಿದ್ದನ್ನೂ ಕೇಳ್ಸಿ ನೋಡಿದಾರೆ, ಬೆಕ್ಕುಗಳು ಸಾಕಿದವ್ರ ಧ್ವನಿ ಗುರುತು ಹಿಡಿದಿವೆ, ಆದ್ರೂ ಬಹುತೇಕ ಕಿವಿ ತಲೆ ತಿರುಗಿಸಿದ್ದಷ್ಟೇ, ಎದ್ದು ಬಂದಿಲ್ಲ. ಅಜ್ಜೀ, ಈಗ ಮೆಲ್ಲಗೆ, ಕೋಪ ಇಲ್ದೇ, ಶನಿ ಅಂತ ಒಂದ್ಸಲ ಹೇಳು ಅಂದ್ಲು.

ಅಮ್ಮ ಎರಡೂ ಕೆನ್ನೆ ಬಡ್ಕೊಂಡ್ಲು. ಶನಿವಾರ! ಬೆಳಗ್ಗೆ ತಾನೇ ಆಂಜನೇಯನ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬಂದಿದಾಳೆ, ಒಪ್ಪತ್ತು ಬೇರೆ. ವಾರದಲ್ಲಿ ಆರು ದಿನ ಆ ಹೆಸರು ಹಿಡಿದು ಕೂಗಾಡ್ತಾಳೆ, ಶನಿವಾರ ಮಾತ್ರ ಬಾಯಿಗೆ ಬೀಗ, ಅವತ್ತೊಂದಿನ ಕೊತ್ತಿಗೆ ಬೈಗುಳದಿಂದ ರಜ. ಹಾಲಿನ ಮುಚ್ಚಳ ನೋಡಿದ ಸಿಟ್ಟಲ್ಲಿ ಬಂದ್ಬಿಟ್ಟಿತ್ತು ಅಷ್ಟೇ. "ಇವತ್ತು ಸಾಯ್ಸಿದ್ರೂ ಇನ್ನೊಂದ್ಸಲ ಹೇಳಲ್ಲ ಕಣೇ, ನಾಳೆ ಬೇಕಾದ್ರೆ ನೂರ್ ಸಲ ಕರೀತೀನಿ." ಬೇಕಾದ್ರೆ ಮುತ್ತು ಅಂತ ಕರೀತೀನಿ ಅಂತ ಅಪರೂಪಕ್ಕೆ ಬಗ್ಗಿ, ಮುತ್ತೂ, ಬಾರಪ್ಪಾ ಅಂದ್ಲು. ಅವನು ಅಮ್ಮನ್ನ ನೋಡ್ಲೂ ಇಲ್ಲ, ಮೊಸರಿನ ಪಾತ್ರೆ ನೋಡ್ತಾ ಕೂತ. ಪ್ರಯೋಗ ಅಲ್ಲಿಗೆ ನಿಂತ್ಹೋಯ್ತು.

ಸಂಜೆ ಡಾಕ್ಟ್ರ ಹತ್ರ ಹೋದ್ವಿ. ಅವನನ್ನ ಬುಟ್ಟಿಗೆ ಹಾಕೋದೇ ಒಂದು ಕಥೆ. ಒಂದು ಕಾಲದಲ್ಲಿ ಇಂಜೆಕ್ಷನ್ ಅನ್ನೋ ಪದ ಅವನ ಮುಂದೆ ಆಡಬಾರದು ಅಂತ ರೂಲ್ಸ್ ಮಾಡ್ಕೊಂಡು ಸೂಜಿ, ಆಮೇಲೆ ಹಿಂದೀಲಿ ಸುಯಿ ಅಂತೆಲ್ಲ ಹೇಳ್ತಿದ್ವಿ, ಆದ್ರೂ ಮಂಚದ ಕೆಳಗೆ ಮಾಯ. ಕೊನೆಗೆ ಗೊತ್ತಾಗಿದ್ದು, ಅವನಿಗೆ ಇಂಜೆಕ್ಷನ್ನೂ ಬೇಡ ಸೂಜಿಯೂ ಬೇಡ, ಅಟ್ಟದಿಂದ ಬುಟ್ಟಿ ಇಳ್ಸೋಕೆ ಸ್ಟೂಲು ಎಳೀತೀವಲ್ಲ, ಆ ಕೀರ್ ಅನ್ನೋ ಸದ್ದು ಸಾಕು. ಇಂಥವು ಎಷ್ಟೋ ಇವೆ. ಹಾಲಿನ ಪ್ಯಾಕೆಟ್ ಕತ್ತರಿಸೋ ಕತ್ತರಿ ಇರೋ ಡ್ರಾಯರ್ ಎಳೆದ್ರೆ ಬರ್ತಾನೆ, ಅದರ ಪಕ್ಕದ ಸ್ಪೂನಿನ ಡ್ರಾಯರ್ ಎಳೆದ್ರೆ ಬರಲ್ಲ. ಇವರ ಬೈಕೂ ಎದುರು ಮನೆಯವ್ರ ಬೈಕೂ ಒಂದೇ ಮಾಡೆಲ್ಲು, ನನಗಂತೂ ವ್ಯತ್ಯಾಸ ಗೊತ್ತಾಗಲ್ಲ, ಅವನು ಇವರ ಬೈಕ್ ತಿರುವಲ್ಲಿ ಇರೋವಾಗ್ಲೇ ಕಿಟಕಿ ಹತ್ತಿರ್ತಾನೆ. ನಾವು ಕಲ್ಸಿದ ಒಂದನ್ನೂ ಕಲೀದೇ ಕಲ್ಸದೇ ಇರೋದನ್ನೆಲ್ಲ ಕಲ್ತಿದಾನೆ. ಅವತ್ತು ಸ್ಟೂಲು ಎತ್ಕೊಂಡು ಹೋಗಿ ಇಟ್ಟು, ಟವೆಲಲ್ಲಿ ಸುತ್ತಿ ಹಾಕಿದ್ವಿ.

ಕ್ಲಿನಿಕ್ಕಲ್ಲಿ ಜನ ಜಾಸ್ತಿ ಇದ್ರು. ಪಕ್ಕದಲ್ಲಿ ಒಂದು ಲ್ಯಾಬ್ರಡಾರು, ಪಾಪದ್ದು, ಒಂದೇ ಒಂದು ಸಲ ಬೊಗಳ್ತು ಅಷ್ಟೇ, ಬುಟ್ಟಿ ಕೊಕ್ಕೆ ಸರಿಯಾಗಿ ಹಾಕಿರ್ಲಿಲ್ಲ ಅನ್ಸುತ್ತೆ, ಇವನು ಹಾರಿ ಕೌಂಟರ್ ಹತ್ತಿ ಅಲ್ಲಿಂದ ಫೈಲ್ ಇಡೋ ಕಬ್ಬಿಣದ ಬೀರು ತುದಿಗೆ ಹೋಗಿ ಗೋಡೆಗೆ ಅಂಟ್ಕೊಂಡ. ಕೌಂಟರ್ ಹುಡುಗ ಹೆಸರೇನು ಮೇಡಂ ಅಂದ. ಮುತ್ತು ಅಂತ ಕಾರ್ಡಲ್ಲಿದೆಯಲ್ಲ. ಅವನು ಮುತ್ತೂ ಮುತ್ತೂ, ಮಗಳು ಮುತ್ತೂ ಚಿನ್ನಾ ಬಾರೋ, ನಾಯಿ ಹಿಡ್ಕೊಂಡವ್ರೂ ಪ್ಚ್ ಪ್ಚ್ ಅಂತ. ಏನೂ ಇಲ್ಲ. ಕಿವಿ ಹಿಂದಕ್ಕೆ ಮಡಚಿ ಕಣ್ಣು ಇಷ್ಟಗಲ. ಮಗಳು ನನ್ನ ಮುಖ ನೋಡಿದ್ಲು, ನಾನು ಅವಳ ಮುಖ. ಎದುರು ಬೆಂಚಲ್ಲಿ ಹಣೆ ತುಂಬ ಸಿಂಧೂರ ಇಟ್ಕೊಂಡು, ಗುಡಿಯಿಂದ ಸೀದಾ ಬಂದಿರೋ ಹಾಗೆ ಒಬ್ರು ಹಿರಿಯರು ಪಂಜರದಲ್ಲಿ ಗಿಣಿ ಇಟ್ಕೊಂಡು ಕೂತಿದಾರೆ.

ಏನ್ಮಾಡ್ಲಿ. ಅಮ್ಮನ ಗಂಟಲನ್ನ ನನ್ನ ಗಂಟಲಿಗೆ ತಂದ್ಕೊಂಡು, "ಏಯ್ ಶನಿ ಮುಂಡೇದೇ, ಇಳಿಯೋ ಕೆಳಗೆ!" ಅಂದೆ.

ಇಡೀ ಕ್ಲಿನಿಕ್ಕು ತಣ್ಣಗಾಯ್ತು. ಹಿರಿಯರು ನನಗಾ ಅನ್ನೋ ಹಾಗೆ ನೋಡಿದ್ರು. ಮೇಲೆ ಎರಡು ಕಿವಿ ನಿಧಾನಕ್ಕೆ ಮುಂದಕ್ಕೆ ಬಂದ್ವು, ಆಮೇಲೆ ಮುಖ. ಇನ್ನೊಂದ್ಸಲ ಅಂದೆ. ಬೀರುವಿನಿಂದ ಕೌಂಟರಿಗೆ, ಕೌಂಟರಿಂದ ನನ್ನ ಭುಜಕ್ಕೆ ಇಳಿದು ಕೈಯೆಲ್ಲಾ ಮೂಸ್ದ. ಮೊಸರು ಹುಡುಕ್ತಿದಾನೆ. ಅಲ್ಲೆಲ್ಲಿಂದ ತರ್ಲಿ.

ಡಾಕ್ಟ್ರು ನಗ್ತಾನೇ ಒಳಗೆ ಕರೆದ್ರು. ವಿಷಯ ಹೇಳಿದ್ವಿ. ಅವನ ಹಿಂದೆ ನಿಂತು, ಗಾಳಿ ತಾಗದ ಹಾಗೆ ದೂರದಿಂದ ಬೀಗದ ಕೈ ಗೊಂಚಲು ಅಲ್ಲಾಡ್ಸಿದ್ರು. ನಮ್ಮ ಕಿವಿ 20 ಕಿಲೋಹರ್ಟ್ಜ್‌ಗೆ ನಿಂತ್ಹೋಗುತ್ತೆ, ಬೆಕ್ಕಿಂದು 85ರ ತನಕ ಹೋಗುತ್ತೆ, ಬೀಗದ ಕೈ ಸದ್ದಲ್ಲಿ ನಮಗೆ ಕೇಳ್ದೇ ಇರೋದೆಲ್ಲ ಅದಕ್ಕೆ ಕೇಳ್ಸುತ್ತೆ ಅಂದ್ರು. ಬಲಗಡೆ ಅಲ್ಲಾಡ್ಸಿದಾಗ ತಕ್ಷಣ ತಿರುಗ್ದ. ಎಡಗಡೆ, ಅಂದ್ರೆ ನೀಲಿ ಕಣ್ಣಿನ ಕಡೆ ಅಲ್ಲಾಡ್ಸಿದಾಗ ತಿರುಗ್ದ, ಆದ್ರೆ ಬಲಕ್ಕೇ ತಿರುಗ್ದ. ನೀಲಿ ಕಣ್ಣಿನ ಕಡೆ ಕಿವಿ ಮಂದ ಇರಬಹುದು, ಖಚಿತವಾಗಿ ಹೇಳೋಕೆ ತಲೆಗೆ ಎಲೆಕ್ಟ್ರೋಡ್ ಹಾಕಿ ಮಾಡೋ ಟೆಸ್ಟ್ ಬೇಕು, ಮನೆ ಬೆಕ್ಕಿಗೆ ಅದರ ಅಗತ್ಯ ಇಲ್ಲ, ರೋಡಿಗೆ ಬಿಡ್ಬೇಡಿ ಅಷ್ಟೇ ಅಂದ್ರು, ಒಂದು ಕಿವೀಲಿ ಗಾಡಿ ಸದ್ದು ಬರುತ್ತೆ ಅಂತ ಗೊತ್ತಾಗುತ್ತೆ, ಯಾವ ಕಡೆಯಿಂದ ಅಂತ ಗೊತ್ತಾಗಲ್ಲ. ಆಗ ನೆನಪಾಯ್ತು, ಟೆರೇಸಿಂದ ಅಮ್ಮ ಕೂಗಿದ್ರೆ ಅವನು ಯಾವಾಗ್ಲೂ ಮೊದಲು ಬೀದಿ ಬಾಗಿಲಿಗೆ ಓಡ್ತಿದ್ದ, ಆಮೇಲೆ ಮೆಟ್ಟಿಲಿಗೆ. ಪೆದ್ದ ಅಂದ್ಕೊಂಡಿದ್ವಿ. ಮನೆಗೆ ಬಂದವಳೇ ಗೇಟಿನ ಕೆಳಗಡೆ ಸಂದಿಗೆ ಮೆಶ್ ಕಟ್ಸೋಕೆ ಹೇಳ್ದೆ, ಸೊಪ್ಪಿನಮ್ಮನ ಹೊತ್ತಿಗೆ ಅವನನ್ನ ರೂಮಲ್ಲಿ ಹಾಕೋದು ಅಂತಲೂ ಆಯ್ತು.

ಭಾನುವಾರ ಬೆಳಗ್ಗೆ ಅಮ್ಮ ಸ್ನಾನ ಮಾಡಿ ಬಂದು ತಾನಾಗೇ ಕೇಳಿದ್ಲು, ನಿಮ್ಮ ಪರೀಕ್ಷೆ ಮಾಡಲ್ವೇನೇ ಅಂತ. ಅವಳಿಗೂ ಒಳಗೊಳಗೆ ಹೆಮ್ಮೆ, ಕೊತ್ತಿ ತನ್ನ ಮಾತಿಗೆ ಮಾತ್ರ ಬಗ್ಗುತ್ತೆ ಅಂತ ಊರಿಗೆಲ್ಲ ಫೋನ್ ಮಾಡಿ ಆಗಿತ್ತು. ನಾನು ಮೊಬೈಲ್ ಹಿಡ್ಕೊಂಡೆ, ಅಮ್ಮ ಪರದೆ ಹಿಂದೆ ನಿಂತ್ಲು, ಮಗಳು ಬರೆದುಕೊಟ್ಟ ಚೀಟಿ ಕೈಲಿ. ಕಲ್ಲು. ಹಣ್ಣು. ಹಲ್ಲು. ಕಪ್ಪು. ಗ್ಯಾಪ್ ಬಿಟ್ಟು, ಪುಸ್ತಕ ಓದೋ ಥರ, ಶನಿ.

ಕಿವಿ ಅಲ್ಲಾಡ್ಲಿಲ್ಲ.

ಇನ್ನೊಂದ್ಸಲ ಅಂದ್ಲು, ಶನಿ. ಏನೂ ಇಲ್ಲ. ಅವನು ಸೀರೆ ಮೇಲೆ ಹೊಟ್ಟೆ ಮೇಲೆ ಮಾಡಿ ಬಿದ್ಕೊಂಡಿದಾನೆ. ಫ್ರಾನ್ಸಿನವ್ರು 2022ರಲ್ಲಿ 16 ಬೆಕ್ಕುಗಳ ಜೊತೆ ಮಾಡಿದ್ದರಲ್ಲಿ, ಸಾಕಿದವ್ರು ಬೆಕ್ಕಿನ ಹತ್ರ ಮಾತಾಡೋ ರಾಗಕ್ಕೂ ದೊಡ್ಡೋರ ಹತ್ರ ಮಾತಾಡೋ ರಾಗಕ್ಕೂ ಬೆಕ್ಕಿಗೆ ವ್ಯತ್ಯಾಸ ಗೊತ್ತಾಗುತ್ತೆ ಅಂತಿದೆ ಅಂತ ಮಗಳು ವಿವರಿಸ್ತಿದ್ಲು. ಅಮ್ಮ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸ್ಕೊಂಡು, "ಅದಕ್ಯಾಕೆ ಫ್ರಾನ್ಸಿಗೆ ಹೋಗ್ಬೇಕು, ನಿಜವಾಗ್ಲೂ ಬೈತಿದೀನಾ ಸುಮ್ನೆ ಅಂತಿದೀನಾ ಅಂತ ಅದಕ್ಕೆ ಗೊತ್ತಾಗಲ್ವಾ" ಅಂತ ಅಡಿಗೆಮನೆಗೆ ಹೋದ್ಲು. ಹೋದವಳು ಅರ್ಧ ನಿಮಿಷ ಸುಮ್ನಿದ್ಲು. ಫ್ರಿಜ್ ಬಾಗಿಲು ಪೂರ್ತಿ ಹಾಕಿಲ್ಲದೇ ಇದ್ದಿದ್ದು ಕಣ್ಣಿಗೆ ಬಿದ್ದಿರ್ಬೇಕು. ಇವರು ಮೆಲ್ಲಗೆ ಪೇಪರ್ ಎತ್ಕೊಂಡ್ರು, ಮುತ್ತು ಮಲಗಿದ್ದಲ್ಲೇ ಕಣ್ಣು ತೆಗೆದ.