ಇಸಿಜಿಗೆ ಕಾಣದ್ದು ಸಿಟಿಯಲ್ಲಿ ಕಂಡಿತು

ಓಟದ ಅಭ್ಯಾಸದ ನಡುವೆ ಎದೆ ಹಿಡಿದುಕೊಂಡು ಕುಸಿದಿದ್ದ ನನ್ನ ತಮ್ಮನ ಇಸಿಜಿಯಲ್ಲಿ ಯಾವ ದೋಷವೂ ಇರಲಿಲ್ಲ. ಶಬ್ದತರಂಗಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯಲ್ಲಿ ಹೃದಯದ ಸ್ನಾಯು, ಕವಾಟಗಳೆಲ್ಲ ಸರಿಯಾಗಿದ್ದವು. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಎರಡು ಕರೋನರಿ ನಾಳಗಳಲ್ಲಿ ಬಲಗಡೆಯದು ಎಲ್ಲಿಂದ ಹೊರಡುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಿರಲಿಲ್ಲ. ಆ ಒಂದು ಅನುಮಾನಕ್ಕಾಗಿ ಹೃದ್ರೋಗ ತಜ್ಞರು ಸಿಟಿ ಆಂಜಿಯೋಗ್ರಾಂ, ಅಂದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್, ಬರೆದುಕೊಟ್ಟಾಗ, ಹದಿಹರೆಯದ ಹುಡುಗನಿಗೆ ಇದೇಕೆ ಎಂದು ಮನೆಯವರೆಲ್ಲ ಗಾಬರಿಯಾದರು. ಆಂಜಿಯೋಗ್ರಾಂ ಎಂದರೆ ಕೊಬ್ಬು ಕಟ್ಟಿದ ನಾಳವನ್ನು ಹುಡುಕುವ ಪರೀಕ್ಷೆ ಎಂದೇ ನಾವು ತಿಳಿದಿದ್ದೆವು.

ಸ್ಕ್ಯಾನಿಗೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ವರದಿ ನೋಡಿದರು, ಅಲರ್ಜಿಯ ಬಗ್ಗೆ ಕೇಳಿದರು. ಹೃದಯ ವೇಗವಾಗಿ ಬಡಿಯುತ್ತಿದ್ದರೆ ಚಿತ್ರ ಮಸುಕಾಗುವುದರಿಂದ, ಮೆಟೊಪ್ರೊಲಾಲ್ ಮಾತ್ರೆ ಕೊಟ್ಟು ನಾಡಿಬಡಿತ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯುವವರೆಗೆ ಕಾಯಿಸಿದರು. ಹೆಚ್ಚು ಹೊತ್ತು ಹಿಡಿದದ್ದು ಅದೊಂದೇ. ಎದೆಗೆ ಇಸಿಜಿಯ ತಂತಿಗಳನ್ನು ಅಂಟಿಸಿ, ತೋಳಿನ ನಾಳದ ಮೂಲಕ ನಾಳಗಳು ಚಿತ್ರದಲ್ಲಿ ಎದ್ದು ಕಾಣುವಂತೆ ಮಾಡುವ, ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವ ಹರಿಸಿ, ಅವನು ಉಸಿರು ಬಿಗಿಹಿಡಿದ ಕೆಲವೇ ಸೆಕೆಂಡುಗಳಲ್ಲಿ ಬಡಿತಗಳ ನಡುವೆ ಹೃದಯ ಸಡಿಲಗೊಳ್ಳುವ ಗಳಿಗೆಯನ್ನು ಹಿಡಿದು ಚಿತ್ರ ತೆಗೆದರು. ಮೈಯೆಲ್ಲ ಒಮ್ಮೆಲೇ ಬಿಸಿಯಾಯಿತು ಎಂದಷ್ಟೇ ತಮ್ಮ ಹೇಳಿದ.

ರೇಡಿಯಾಲಜಿಸ್ಟ್ ನನ್ನನ್ನು ಪರದೆಯ ಬಳಿ ಕರೆದರು. "ಇಲ್ಲಿ ನೋಡಿ, ಎರಡೂ ನಾಳಗಳು ಎಡಬದಿಯಿಂದಲೇ ಹೊರಟಿವೆ," ಎಂದು ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಧಮನಿಯ ಬುಡವನ್ನು ತೋರಿಸಿದರು. ಬಲಬದಿಯಿಂದ ಹುಟ್ಟಬೇಕಿದ್ದ ನಾಳ ಎಡದಿಂದ ಹುಟ್ಟಿ, ಮಹಾಧಮನಿಗೂ ಶ್ವಾಸಕೋಶಕ್ಕೆ ರಕ್ತ ಒಯ್ಯುವ ದೊಡ್ಡ ನಾಳಕ್ಕೂ ನಡುವೆ ನುಸುಳಿ ಬಲಕ್ಕೆ ಬಂದಿತ್ತು. ದುಂಡಗಿರಬೇಕಿದ್ದ ಅದರ ಬಾಯಿ ಅಂಗಿಯ ಕಾಜದಂತೆ ಸೀಳಾಗಿತ್ತು. ಮೊದಲ ಕೆಲವು ಮಿಲಿಮೀಟರು ಅದು ಮಹಾಧಮನಿಯ ಗೋಡೆಯೊಳಗೇ ಸಾಗಿದಂತಿತ್ತು. ಸುಮ್ಮನಿದ್ದಾಗ ಸಾಲುವಷ್ಟು ರಕ್ತ ಹರಿಯುತ್ತದೆ, ಓಡುವಾಗ ಹೃದಯ ಹೆಚ್ಚು ಬೇಡುವ ಹೊತ್ತಿಗೇ ಇಂಥ ನಾಳ ಒತ್ತಡಕ್ಕೆ ಸಿಲುಕಬಹುದು ಎಂದು ಅವರು ವಿವರಿಸಿದಾಗ, ಮಲಗಿಸಿ ತೆಗೆದ ಇಸಿಜಿ ಏಕೆ ಸರಿಯಾಗಿಯೇ ಇತ್ತೆಂಬುದು ತಿಳಿಯಿತು. ಜನ್ಮತಃ ಬಂದ ಇಂಥ ವ್ಯತ್ಯಾಸಗಳೆಲ್ಲ ಅಪಾಯಕಾರಿಯಲ್ಲ. ಮಹಾಧಮನಿಯ ಹಿಂಬದಿಯಿಂದ ಸುತ್ತಿ ಬರುವ ನಾಳ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲವಂತೆ. ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ನಾಳಕ್ಕೆ ತೂರಿಸಿ ಮಾಡುವ ಆಂಜಿಯೋಗ್ರಾಂ ನಾಳದ ಒಳಗನ್ನು ಚೆನ್ನಾಗಿ ತೋರಿಸಿದರೂ ಅದರ ಅಕ್ಕಪಕ್ಕ ಏನಿದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸದು.

ಎಳೆಯರಿಗೆ ವಿಕಿರಣ ತಾಗಿಸುವ ಮುನ್ನ ಯೋಚಿಸಲೇಬೇಕು. ಆದರೂ ಓಡುವಾಗ ಎದೆನೋವು ಬಂದ, ಪ್ರಜ್ಞೆ ತಪ್ಪಿದ ಮಕ್ಕಳ ವಿಷಯದಲ್ಲಿ ಎಕೋ ಅನುಮಾನ ಉಳಿಸಿದರೆ ಈ ಪರೀಕ್ಷೆಯನ್ನು ಮುಂದೂಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಅಂದಿನಿಂದಲೇ ತಮ್ಮನ ಓಟ ನಿಂತಿತು. ಶಸ್ತ್ರಚಿಕಿತ್ಸಕರು ಅವೇ ಚಿತ್ರಗಳಲ್ಲಿ ಗೋಡೆಯೊಳಗಿನ ಭಾಗದ ಉದ್ದವನ್ನು ಅಳೆದು, ಆ ಭಾಗವನ್ನು ಒಳಗಿನಿಂದ ಬಿಡಿಸಿ ಬಾಯಿಯನ್ನು ಅಗಲಿಸುವ ಶಸ್ತ್ರಕ್ರಿಯೆಯ ಬಗ್ಗೆ ಅಪ್ಪ ಅಮ್ಮನೊಂದಿಗೆ ಮಾತನಾಡಿದರು.