ಗಮಕದ ಸೀಮೆಯಲ್ಲಿದ್ದು ಕಂಪ್ಯೂಟರ್ ಕೈಲಿ ಯಾಕೆ ಓದಿಸುತ್ತೀಯ?

ಶಿವಮೊಗ್ಗದಲ್ಲಿ ಯಾರ ಹತ್ತಿರ ನನ್ನ ಹವ್ಯಾಸ ಹೇಳಿಕೊಂಡರೂ ತಿರುಗಿ ಬರುವ ಪ್ರಶ್ನೆ ಇದು: "ಅಲ್ಲ ಮಾರಾಯ, ಹೊಸಹಳ್ಳಿ ಮಗ್ಗುಲಲ್ಲೇ ಇಟ್ಕೊಂಡು ಕಂಪ್ಯೂಟರ್ ಕೈಲಿ ಎಂತಕ್ಕೆ ಓದಿಸ್ತೀಯ?" ಹವ್ಯಾಸ ಇಷ್ಟೇ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪುಸ್ತಕಗಳನ್ನು ಕಂಪ್ಯೂಟರ್ ದನಿಯಲ್ಲಿ ಓದಿಸಿ, ಆಡಿಯೋ ಬುಕ್ ಮಾಡಿ, ಬೇಕೆಂದವರಿಗೆ ಪುಕ್ಕಟೆ ಕೊಡುವುದು. ಪ್ರಶ್ನೆಯಲ್ಲಿ ನ್ಯಾಯವಿದೆ. ತುಂಗೆಯ ದಡದ ಹೊಸಹಳ್ಳಿ ಗಮಕದ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಊರು; ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕದಿಂದಲೇ. ಕಾವ್ಯ ಓದುವುದು ಹೇಗೆ ಅಂತ ಬಲ್ಲವರ ನಡುವೆ ಕೂತು ಯಂತ್ರದ ಬಾಯಿ ತೆರೆಸುವುದು ಉದ್ಧಟತನ ಅನ್ನಿಸಬಹುದು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಕುಮಾರವ್ಯಾಸನನ್ನು ನಾನು ಯಂತ್ರಕ್ಕೆ ಕೊಡುವುದಿಲ್ಲ. ಭಾಮಿನಿ ಷಟ್ಪದಿಯ ಮೊದಲ ಸಾಲು 14 ಮಾತ್ರೆಗೆ ಮುಗಿಯುತ್ತದೆ. ಅಷ್ಟರಲ್ಲಿ ಪದವೂ ಮುಗಿದಿರಬೇಕು ಅಂತೇನಿಲ್ಲ. ಅರ್ಧ ಮೇಲಿನ ಸಾಲಿನಲ್ಲಿ, ಇನ್ನರ್ಧ ಕೆಳಗೆ. ಗಮಕಿ ಅರ್ಥ ನೋಡಿಕೊಂಡು ಬಿಡಿಸುತ್ತಾರೆ, ಬೇಕಾದಲ್ಲಿ ಕೂಡಿಸುತ್ತಾರೆ, ಅದೂ ಸಾಲದೆಂದು ಪಕ್ಕದಲ್ಲೊಬ್ಬರು ವ್ಯಾಖ್ಯಾನಕ್ಕೆ ಕೂತಿರುತ್ತಾರೆ. ಯಂತ್ರ ಸಾಲು ತಿರುಗಿದಲ್ಲೆಲ್ಲ ನಿಲ್ಲುತ್ತದೆ. ಒಂದೇ ಪದ್ಯ ಕೇಳಿಸಿ ನೋಡಿ, ಮನೆಯವರೆಲ್ಲ ಎದ್ದು ಹೋಗುತ್ತಾರೆ. ಗದ್ಯದಲ್ಲೇ ಕಥೆ ಹೇಳು ಅಂತ ಹಟ ಹಿಡಿದ ಮುದ್ದಣನ ಮನೋರಮೆಯ ಪಕ್ಷಕ್ಕೆ ಈ ಯಂತ್ರವೂ ಸೇರಿದ್ದು.

ನಾನು ಓದಿಸುವುದು ಗದ್ಯ. 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ', 1930ರಲ್ಲಿ ತೀರಿಕೊಂಡ ಎಂ.ಎಸ್. ಪುಟ್ಟಣ್ಣನವರ ಕಾದಂಬರಿ, ಕೆರೂರು ವಾಸುದೇವಾಚಾರ್ಯರು, ಗಳಗನಾಥರು, ಪಂಜೆಯವರು. ಇವರ ಹೆಸರು ಪಿಯುಸಿ ಮಕ್ಕಳಿಗೂ ಗೊತ್ತು, ಪರೀಕ್ಷೆಗೆ ಬರುತ್ತದೆ. ಪುಸ್ತಕ ಓದಿದವರನ್ನು ಮಾತ್ರ ಹುಡುಕಬೇಕು. ಮುನ್ನೂರು ಪುಟದ ಕಾದಂಬರಿ ಗಟ್ಟಿಯಾಗಿ ಓದಿದರೆ ಹತ್ತು ಗಂಟೆಯ ಆಸುಪಾಸು ಆಗುತ್ತದೆ. ತಪ್ಪಿದ್ದನ್ನು ಮತ್ತೆ ಓದುವುದು, ಕೆಮ್ಮು ಕತ್ತರಿಸುವುದು, ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದು ನಿಲ್ಲುವ ತನಕ ಕಾಯುವುದು, ಎಲ್ಲ ಸೇರಿದರೆ ಅದರ ಮೂರು ಪಟ್ಟು. ಒಳ್ಳೆಯ ದನಿಯವರನ್ನು ಅಷ್ಟು ಹೊತ್ತು ಪುಕ್ಕಟೆ ಕೂರಿಸಲು ನನಗೆ ಬಾಯಿ ಬರುವುದಿಲ್ಲ. ಯಾರಾದರೂ ತಾವಾಗಿ ಬಂದು ಓದುತ್ತೇನೆ ಅಂದರೆ ನನ್ನ ಫೈಲನ್ನು ಅವತ್ತೇ ಅಳಿಸುತ್ತೇನೆ, ಮಾತು ಕೊಟ್ಟಿದ್ದೇನೆ.

ಜನ ನನ್ನ ಕೆಲಸವನ್ನು ದನಿಯ ಕೆಲಸ ಅಂದುಕೊಳ್ಳುತ್ತಾರೆ. ದನಿ ಮೈಕ್ರೋಸಾಫ್ಟ್‌ನವರದ್ದಿದೆ, ಸಪ್ನಾ ಮತ್ತು ಗಗನ್ ಅಂತ ಎರಡು ಕನ್ನಡ ದನಿಗಳು (ಸಪ್ನಾ ಅಂದಕೂಡಲೇ ಪುಸ್ತಕದಂಗಡಿ ನೆನಪಾದರೆ ತಪ್ಪೇನಿಲ್ಲ). ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಮುಕ್ತವಾಗಿ ಕೊಟ್ಟ ದನಿಗಳಿವೆ. ಒಂದು ಅಧ್ಯಾಯ ಕೊಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಓದಿ ಮುಗಿಸಿರುತ್ತವೆ. ನಮ್ಮ ಲಿಪಿಯೂ ಸಹಾಯಕ್ಕೆ ಬರುತ್ತದೆ, ಬರೆದದ್ದನ್ನು ಹೆಚ್ಚುಕಮ್ಮಿ ಬರೆದ ಹಾಗೇ ಓದಬಹುದು. ನನ್ನ ಸಂಜೆಗಳೆಲ್ಲ ಹೋಗುವುದು ಅದಕ್ಕೂ ಮುಂಚಿನ ಕೆಲಸಕ್ಕೆ, ಅಂದರೆ ಪಠ್ಯ ತಿದ್ದುವುದಕ್ಕೆ.

ಹಳೆಯ ಪುಸ್ತಕದ ಸ್ಕ್ಯಾನ್ ಸಿಗುತ್ತದೆ. ಅದನ್ನು ಓಸಿಆರ್‌ಗೆ ಹಾಕಿದರೆ ಪುಟದ ಚಿತ್ರ ಅಕ್ಷರವಾಗಿ ಬರುತ್ತದೆ, ಬರುವ ರೀತಿ ನೋಡಬೇಕು. 'ಮನೆ' ಹೋಗಿ 'ವುನೆ' ಆಗಿರುತ್ತದೆ, ಅಚ್ಚಿನಲ್ಲಿ ಎರಡೂ ಒಂದೇ ಥರ ಕಾಣುವುದರಿಂದ. ಅರ್ಕಾವೊತ್ತು ಕನ್ನಡದ ಒಂಬತ್ತಿನ ಅಂಕಿಯಾಗಿರುತ್ತದೆ. 'ಧಮ೯ರಾಯ' ಅಂತ ಕಣ್ಣಿಗೆ ಸರಿಯಾಗಿಯೇ ಕಾಣುವುದನ್ನು ಯಂತ್ರ 'ಧಮ ಒಂಬತ್ತು ರಾಯ' ಅಂತ ಗಂಭೀರವಾಗಿ ಓದುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿದ್ದರಂತೂ ಅಂಗಡಿಗೆ ಹೋದವನು 'ಅ ಸೊನ್ನೆ ಗಡಿ'ಗೆ ಹೋಗುತ್ತಾನೆ. ಇವೆಲ್ಲ ಕಣ್ಣಿಗೆ ಸಿಗದ ತಪ್ಪುಗಳು. ಕಿವಿಗೆ ಬಿದ್ದಾಗಲೇ ಗೊತ್ತಾಗುವುದು. ಸಾಲಿನ ಕೊನೆಯ ಅಡ್ಡಗೆರೆ ತೆಗೆಯಬೇಕು. ಪುಟದ ತಲೆಯ ಮೇಲಿನ ಪುಸ್ತಕದ ಹೆಸರು ಮಾತಿನ ನಡುವೆ ನುಗ್ಗದಂತೆ ಅಳಿಸಬೇಕು. 'ರೂ.' ಅಂತಿದ್ದರೆ ರೂಪಾಯಿ ಅಂತ ಬಿಡಿಸಿ ಬರೆಯಬೇಕು, ಇಲ್ಲದಿದ್ದರೆ 'ರೂ' ಅಂದು ವಾಕ್ಯವೇ ಮುಗಿದಂತೆ ಉಸಿರು ಬಿಡುತ್ತದೆ. ಆಗಿನವರು ಅರ್ಧ ಪುಟದುದ್ದ ವಾಕ್ಯ ಬರೆಯುತ್ತಿದ್ದರು. ಅಲ್ಪವಿರಾಮ ಎಲ್ಲಿ ಹಾಕಿದರೆ ಅರ್ಥ ಕೆಡದೆ ಉಸಿರು ಸಿಗುತ್ತದೆ ಅಂತ ನೋಡಬೇಕಾದರೆ ವಾಕ್ಯವನ್ನು ನಾನೇ ಬಾಯಿಬಿಟ್ಟು ಓದಬೇಕು. ಮನುಷ್ಯ ಓದಿಲ್ಲ ಅಂತ ದೂರುವವರಿಗೆ ಹೇಳುವುದು ಇದನ್ನೇ: ಒಬ್ಬ ಇಡೀ ಪುಸ್ತಕ ಗಟ್ಟಿಯಾಗಿ ಓದಿ ಆಗಿದೆ, ರೆಕಾರ್ಡ್ ಮಾಡಿಲ್ಲ ಅಷ್ಟೆ.

ಇಂಗ್ಲಿಷ್‌ನವರು ಇದನ್ನು ಹೇಗೆ ಮಾಡಿದರು ನೋಡಿ. ಪುಕ್ಕಟೆ ಆಡಿಯೋ ಬುಕ್‌ಗಳ ತಾಣ ಲಿಬ್ರಿವಾಕ್ಸ್ 2005ರಿಂದ ಮನುಷ್ಯ ದನಿಯಲ್ಲೇ ಓದಿಸುತ್ತಾ ಬಂದಿದೆ. 2023ರಲ್ಲಿ, ಹಕ್ಕು ಮುಗಿದ ಪುಸ್ತಕಗಳನ್ನು ಪುಕ್ಕಟೆ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್, ಮೈಕ್ರೋಸಾಫ್ಟ್ ಮತ್ತು ಎಂಐಟಿ ಸಂಶೋಧಕರ ಜೊತೆ ಸೇರಿ ಸುಮಾರು 5,000 ಪುಸ್ತಕಗಳನ್ನು ಯಂತ್ರದ ದನಿಯಲ್ಲಿ ಒಟ್ಟಿಗೆ ಹೊರತಂದಿತು. ಸುದ್ದಿಯಾದದ್ದು ದನಿ. ಆದರೆ ಗುಟೆನ್‌ಬರ್ಗ್ ಶುರುವಾದದ್ದು 1971ರಲ್ಲಿ. ಅಲ್ಲಿಂದ ಸ್ವಯಂಸೇವಕರು ಟೈಪಿಸಿ, ಪುಟಪುಟವನ್ನೂ ತಿದ್ದಿ ಇಟ್ಟಿದ್ದರು. ಕನ್ನಡದಲ್ಲಿ ಹಳೆಯ ಪುಸ್ತಕ ತಿದ್ದಿ ಹಾಕುವ ಜಾಲತಾಣ ವಿಕಿಸೋರ್ಸ್‌ನಂಥ ಕಡೆ ಕೆಲವರು ಆ ಕೆಲಸ ಮಾಡುತ್ತಿದ್ದಾರೆ, ಕೈ ಸಾಲದು.

ತೀರ್ಥಹಳ್ಳಿ ಕಡೆಯವರು ಮುಂದಿನ ಉಸಿರಿಗೇ ಕೇಳುವುದು, "ಕುವೆಂಪು ಯಾವಾಗ ಮಾಡ್ತೀಯ?" ಉತ್ತರ: 2055ರ ಜನವರಿ ಒಂದಕ್ಕೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ, ಮರುವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಉಳಿಯುತ್ತದೆ, ಅವರು ತೀರಿಕೊಂಡದ್ದು 1994ರಲ್ಲಿ. ಮೊದಲು 50 ವರ್ಷವಿತ್ತು. ಟಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, ಹತ್ತು ವರ್ಷ ಏರಿಸಿದರು. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳು 2024ಕ್ಕೆ ಸಾರ್ವಜನಿಕ ಸ್ವತ್ತಾದರು. ಅನುವಾದವಾದರೆ ಅನುವಾದಕರ ವರ್ಷವನ್ನೂ ನೋಡಬೇಕು. ಹಳೆಯ ಪುಸ್ತಕಕ್ಕೆ ಈಚಿನವರು ಬರೆದ ಮುನ್ನುಡಿ ಇದ್ದರೆ ಅದನ್ನು ಬಿಡಬೇಕು.

ಕಣ್ಣು ಕಾಣದವರಿಗೆ ಈ ಕಾಯುವಿಕೆ ಬೇಕಿಲ್ಲ. ಹಕ್ಕುಸ್ವಾಮ್ಯ ಕಾನೂನಿನ 2012ರ ತಿದ್ದುಪಡಿಯ ಪ್ರಕಾರ ಅವರ ಬಳಕೆಗೆ, ಲಾಭದ ಉದ್ದೇಶವಿಲ್ಲದೆ, ಹಕ್ಕಿರುವ ಪುಸ್ತಕವನ್ನೂ ಓದಿಸಿ ಕೊಡಬಹುದು. ನನ್ನ ಕೇಳುಗರಲ್ಲಿ ಯಂತ್ರದ ದನಿಯ ಬಗ್ಗೆ ಚಕಾರ ಎತ್ತದವರೂ ಅವರೇ. ಮೊಬೈಲು, ಕಂಪ್ಯೂಟರು ದಿನವಿಡೀ ಅಂಥ ದನಿಯಲ್ಲೇ ಮಾತಾಡುವಾಗ ಅವರ ಕಿವಿ ಪಳಗಿರುತ್ತದೆ. ನಾನು ಕೊಟ್ಟದ್ದನ್ನು ಎರಡು ಪಟ್ಟು ವೇಗದಲ್ಲಿ ಕೇಳಿ ಮುಗಿಸಿ ಮುಂದಿನದು ಎಲ್ಲಿ ಅನ್ನುತ್ತಾರೆ.

ಉಳಿದವರು ಅಡಿಕೆ ಸುಲಿಯುವವರು. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ರಾತ್ರಿಯವರೆಗೂ ಕೂತಿರುವಾಗ ಕೈ ಬಿಡುವಿಲ್ಲ, ಕಿವಿ ಪುರಸೊತ್ತಾಗಿರುತ್ತದೆ. ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಫೈಲು ಸಣ್ಣದಿರಬೇಕು. ದನಿಯ ಗುಣಮಟ್ಟ ಇಳಿಸಿ 32 ಕೆಬಿಪಿಎಸ್ ಮೋನೋ ಮಾಡಿದರೆ ಗಂಟೆಗೆ 14 ಎಂಬಿ ಚಿಲ್ಲರೆ. ಪೇಟೆಗೆ ಬಂದಾಗ ಇಳಿಸಿಕೊಂಡು ಹೋಗುತ್ತಾರೆ. ಮೊದಲ ವಾಕ್ಯದಲ್ಲೇ 'ಇದು ಕಂಪ್ಯೂಟರ್ ದನಿ' ಅಂತ ಹೇಳಿಸುತ್ತೇನೆ. ತೀರಿಹೋದ ಗಮಕಿಗಳ ದನಿಯನ್ನೇ ಅನುಕರಿಸಿ ಓದಿಸಬಹುದಲ್ಲ ಅಂತ ಸಲಹೆ ಬರುತ್ತದೆ. ಅದು ನನ್ನಿಂದಾಗದು, ಕೇಳಬೇಡಿ.

ತಪ್ಪು ಸಿಕ್ಕರೆ ಅಧ್ಯಾಯ ಎಷ್ಟನೆಯದು, ಎಷ್ಟನೇ ನಿಮಿಷ ಅಂತ ಬರೆದು ಕಳಿಸಿ. ಹೊಸನಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಸೆಕೆಂಡಿನ ಸಮೇತ ಕಳಿಸುತ್ತಾರೆ, ಜೊತೆಗೆ ನನ್ನ ಅಲ್ಪವಿರಾಮಗಳ ಮೇಲೆ ಟೀಕೆ. ಪದ ತಿದ್ದಿ ಆ ಅಧ್ಯಾಯವೊಂದನ್ನೇ ಮತ್ತೆ ಓದಿಸಿದರೆ ಆಯಿತು. ಯಾರನ್ನೂ ಮೈಕಿನ ಮುಂದೆ ವಾಪಸ್ ಕರೆಯಬೇಕಿಲ್ಲ.